ಮಂಡಿ ನೋವಿಗೆ ಅಂತ ತೂಕದ ಆಪರೇಷನ್ ಮಾಡಿಸ್ಕೊಂಡ್ರೆ, ಆಮೇಲೆ ನೋವಿಗೆ ಯಾವ ಮಾತ್ರೆ?

ಮಂಡಿ ನೋವು ಅಂತ ಮೂಳೆ ಡಾಕ್ಟ್ರ ಹತ್ರ ಹೋದ್ರೆ ಎಕ್ಸ್‌ರೇನ ಬೆಳಕಿಗೆ ಹಿಡಿದು ನೋಡ್ತಾ ಅವರು ಹೇಳೋ ಮೊದಲ ಮಾತು "ತೂಕ ಇಳಿಸಿ" ಅಂತ. ಸರಿ ಅಂತ ವಾಕಿಂಗ್ ಶುರು ಮಾಡಿದ್ರೆ ನಾಲ್ಕು ದಿನಕ್ಕೆ ಮಂಡಿ ಊದ್ಕೊಂಡು ಮನೇಲೇ ಕೂರೋ ಹಾಗಾಗುತ್ತೆ, ಕೂತ್ರೆ ಇನ್ನೆರಡು ಕೆಜಿ ಏರುತ್ತೆ, ಏರಿದ್ಮೇಲೆ ಮಂಡಿ ಇನ್ನೂ ನೋಯುತ್ತೆ. ಈ ಸುತ್ತು ವರ್ಷಗಟ್ಟಲೆ ಸುತ್ತಿ ಸುಸ್ತಾದವರಲ್ಲಿ ಕೆಲವರು ಈಗ ಬೇರಿಯಾಟ್ರಿಕ್ ಸರ್ಜರಿ ಅಂದ್ರೆ ಹೊಟ್ಟೆ ಚಿಕ್ಕದು ಮಾಡೋ ಆಪರೇಷನ್ ಕಡೆ ಹೋಗ್ತಿದಾರೆ, ಬೆಂಗಳೂರು ಮೈಸೂರು ಹುಬ್ಬಳ್ಳಿ ಮಂಗಳೂರಲ್ಲೆಲ್ಲ ಮಾಡೋರಿದ್ದಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಎನ್‌ಎಫ್‌ಎಚ್‌ಎಸ್-5 ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 24ರಷ್ಟು ಜನಕ್ಕೆ ಬಿಎಂಐ, ಅಂದ್ರೆ ಎತ್ತರಕ್ಕೆ ತಕ್ಕ ತೂಕದ ಅಳತೆ, 25 ಅಥವಾ ಅದಕ್ಕಿಂತ ಜಾಸ್ತಿ, ಕರ್ನಾಟಕದಲ್ಲಿ ಅದು ಸುಮಾರು ಶೇ. 30. ಮಂಡಿ ಸವೆತ ಜೋರಾಗೋದು 50 ದಾಟಿದ್ಮೇಲೆ, ಆ ವಯಸ್ಸಿನವರು ಈ ಲೆಕ್ಕದಲ್ಲೇ ಇಲ್ಲ.

ಆಪರೇಷನ್ ಬಗ್ಗೆ ಮಾತಾಡುವಾಗ ಎಲ್ರೂ ಕೇಳೋದು ಎಷ್ಟು ಕೆಜಿ ಇಳಿಯುತ್ತೆ, ಎಷ್ಟು ಖರ್ಚು, ಎಷ್ಟು ದಿನ ರಜೆ. ದಿನಾ ನುಂಗ್ತಿರೋ ನೋವಿನ ಮಾತ್ರೆ ಆಮೇಲೆ ನುಂಗ್ಬೋದಾ ಅಂತ ಕೇಳೋರು ಕಮ್ಮಿ. ನನ್ನ ಪ್ರಕಾರ ಅದೇ ಮೊದಲ ಪ್ರಶ್ನೆ ಆಗ್ಬೇಕು. ಯಾಕಂದ್ರೆ ನಮ್ಮ ಜನ ಕೀಲು ನೋವಿಗೆ ನೆಚ್ಕೊಂಡಿರೋ ಮಾತ್ರೆಗಳೇ ಕೆಲವು ಆಪರೇಷನ್ ಆದ್ಮೇಲೆ ಜೀವನಪೂರ್ತಿ ಮುಟ್ಟಬಾರದ ಮಾತ್ರೆಗಳು. ಯಾವ ಆಪರೇಷನ್ ಮಾಡಿಸ್ಬೇಕು ಅನ್ನೋ ತೀರ್ಮಾನನೂ ಎಷ್ಟೋ ಸಲ ಇದರ ಮೇಲೆ ನಿಲ್ಲುತ್ತೆ.

ಯಾವುದಾದ್ರೂ ಮೆಡಿಕಲ್ ಶಾಪ್ ಮುಂದೆ ಸಂಜೆ ಹೊತ್ತು ಹತ್ತು ನಿಮಿಷ ನಿಂತ್ಕೊಂಡು ನೋಡಿ. ಒಬ್ಬರು ಬರ್ತಾರೆ, ಚೀಟಿ ಇಲ್ಲ, ಖಾಲಿಯಾದ ಸ್ಟ್ರಿಪ್ಪಿನ ಒಂದು ತುಂಡು ತೋರಿಸ್ತಾರೆ, ಅಂಗಡಿ ಹುಡುಗ ಅದನ್ನ ತಿರುಗಿಸಿ ನೋಡಿ "ಅಮ್ಮಾ, ಒಂದು ಸ್ಟ್ರಿಪ್ಪೇ ಕೊಡ್ಲಾ, ಜೊತೆಗೆ ಗ್ಯಾಸ್ ಮಾತ್ರೆ ಹಾಕ್ಲಾ?" ಅಂತಾನೆ, ಅವರು ಹೂಂ ಅಂತಾರೆ, ಮುಗೀತು. ಆ ತುಂಡಿನ ಹಿಂದೆ ಸಣ್ಣ ಅಕ್ಷರದಲ್ಲಿ ಇರೋದೇನು? ಜೆರೋಡಾಲ್-ಪಿ ಆದ್ರೆ ಅಸಿಕ್ಲೋಫೆನಾಕ್ 100 ಮಿಗ್ರಾಂ, ಪ್ಯಾರಾಸಿಟಮಾಲ್ 325 ಮಿಗ್ರಾಂ. ಕಾಂಬಿಫ್ಲಾಮ್ ಆದ್ರೆ ಐಬುಪ್ರೊಫೆನ್ 400, ಪ್ಯಾರಾಸಿಟಮಾಲ್ 325. ವೊವೆರಾನ್ ಆದ್ರೆ ಡೈಕ್ಲೋಫೆನಾಕ್. ಈ ಅಸಿಕ್ಲೋಫೆನಾಕ್, ಐಬುಪ್ರೊಫೆನ್, ಡೈಕ್ಲೋಫೆನಾಕ್, ನ್ಯಾಪ್ರಾಕ್ಸೆನ್ ಎಲ್ಲಾ ಒಂದೇ ಜಾತಿ, ಡಾಕ್ಟ್ರುಗಳು ಎನ್‌ಎಸ್‌ಎಐಡಿ ಅಂತಾರೆ. ತುಂಬಾ ಜನ ಪ್ಯಾರಾಸಿಟಮಾಲ್ ಅನ್ನೋ ಹೆಸರು ಓದಿ "ಜ್ವರದ ಮಾತ್ರೆ ತಾನೆ, ಏನಾಗಲ್ಲ" ಅಂದ್ಕೊಳ್ತಾರೆ, ಪಕ್ಕದಲ್ಲಿರೋ ಇನ್ನೊಂದು ಹೆಸರು ಕಣ್ಣಿಗೆ ಬೀಳೋದೇ ಇಲ್ಲ.

ಆ ಇನ್ನೊಂದು ಹೆಸರಿಂದ ಏನಾಗುತ್ತೆ ಅಂದ್ರೆ, ನೋವು ಊತ ಹುಟ್ಟಿಸೋ ಪ್ರೊಸ್ಟಗ್ಲಾಂಡಿನ್ ಅನ್ನೋ ರಾಸಾಯನಿಕಗಳು ದೇಹದಲ್ಲಿ ತಯಾರಾಗೋದನ್ನ ಈ ಮಾತ್ರೆ ತಡೆಯುತ್ತೆ, ಅದೇ ಜಾತಿಯ ರಾಸಾಯನಿಕಗಳೇ ಹೊಟ್ಟೆಯ ಒಳಪದರವನ್ನ ಆಸಿಡ್ಡಿಂದ ಕಾಪಾಡ್ತಿರೋದು. ನೋವಿನ ಜೊತೆ ಕಾವಲೂ ಹೋಗುತ್ತೆ. ಮಾಮೂಲಿ ಹೊಟ್ಟೆ ಇರೋರಿಗೇ ಇದರಿಂದ ಅಲ್ಸರ್ ಆಗುತ್ತೆ. ಗ್ಯಾಸ್ಟ್ರಿಕ್ ಬೈಪಾಸ್ ಆದವರದ್ದು ಬೇರೆ ಕಥೆ, ಅಲ್ಲಿ ಹೊಟ್ಟೆಯ ಮೇಲ್ಭಾಗದಲ್ಲಿ ಒಂದು ಪುಟ್ಟ ಚೀಲ ಮಾಡಿ ಅದನ್ನ ನೇರವಾಗಿ ಸಣ್ಣ ಕರುಳಿಗೆ ಹೊಲಿದಿರ್ತಾರೆ, ಆ ಕರುಳಿಗೆ ಆಸಿಡ್ ತಡ್ಕೊಂಡು ಅಭ್ಯಾಸ ಇಲ್ಲ, ಹಾಗಾಗಿ ಹೊಲಿಗೆಯ ಜಾಗದಲ್ಲೇ ಹುಣ್ಣಾಗುತ್ತೆ. ಮಾರ್ಜಿನಲ್ ಅಲ್ಸರ್ ಅಂತಾರೆ. ರಕ್ತ ಬರಬಹುದು, ತೂತೇ ಬಿದ್ದು ರಾತ್ರೋರಾತ್ರಿ ಎಮರ್ಜೆನ್ಸಿ ಆಪರೇಷನ್ ಆಗಬಹುದು. ಬೀಡಿ ಸಿಗರೇಟು ಸೇದೋರಿಗೆ ರಿಸ್ಕ್ ಇನ್ನೂ ಮೇಲೆ. ಇನ್ನೊಂದು ತೊಡಕು, ಬೈಪಾಸ್ ಆದಾಗ ಉಳಿದ ದೊಡ್ಡ ಹೊಟ್ಟೆ ಒಳಗೇ ಇರುತ್ತೆ, ಆದ್ರೆ ಬಾಯಿಂದ ಇಳಿಸೋ ಮಾಮೂಲಿ ಎಂಡೋಸ್ಕೋಪಿ ಅಲ್ಲಿಗೆ ತಲುಪಲ್ಲ, ಅಲ್ಲಿ ಹುಣ್ಣಾದ್ರೆ ಕಂಡುಹಿಡಿಯೋದೇ ಕಷ್ಟ.

"ಮಾತ್ರೆ ಬೇಡ, ಸೊಂಟಕ್ಕೆ ಒಂದು ಇಂಜೆಕ್ಷನ್ ಹಾಕಿ, ಹೊಟ್ಟೆಗೆ ಹೋಗಲ್ವಲ್ಲ" ಅನ್ನೋ ವಾದ ನಮ್ಮಲ್ಲಿ ತುಂಬಾ ಚಾಲ್ತಿ. ಡೈಕ್ಲೋಫೆನಾಕ್ ಸೂಜಿಯಲ್ಲಿ ಹೋದ್ರೂ ರಕ್ತದ ಮೂಲಕ ಅದೇ ಕೆಲಸ ಮಾಡುತ್ತೆ, ಕಾವಲು ಹೋಗೋದು ಹೋಗೇ ಹೋಗುತ್ತೆ. ಅದೇ ಜಾತಿಯ ಎಟೋರಿಕಾಕ್ಸಿಬ್ ತರದ ಮಾತ್ರೆಗಳು ಹೊಟ್ಟೆಗೆ ಸ್ವಲ್ಪ ಮೃದು ಅನ್ನೋದು ನಿಜ, ಆದ್ರೆ ಪೂರ್ತಿ ಸೇಫ್ ಅಲ್ಲ, ಬಿಪಿ ಮತ್ತೆ ಹಾರ್ಟ್ ತೊಂದ್ರೆ ಇರೋರಿಗೆ ಅದರದ್ದೇ ತಕರಾರು ಇದೆ, ತೂಕ ಜಾಸ್ತಿ ಇರೋರಲ್ಲಿ ಬಿಪಿ ಇಲ್ಲದವರು ಎಷ್ಟು ಜನ ಸಿಗ್ತಾರೆ ಹೇಳಿ.

ಇನ್ನು ಆಪರೇಷನ್ನಿಂದ ಕೀಲಿಗೆ ನಿಜವಾಗ್ಲೂ ಉಪಯೋಗ ಇದೆಯಾ? ಇದೆ, ಚೆನ್ನಾಗೇ ಇದೆ. ಅಮೆರಿಕಾದ ವೇಕ್ ಫಾರೆಸ್ಟ್ ಯೂನಿವರ್ಸಿಟಿಯವರು 2005ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ, ಮಂಡಿ ಸವೆತ ಇರೋ ದಪ್ಪ ಜನರನ್ನ ನಡೆಸಿ ಅಳೆದಾಗ ಇಳಿದ ಒಂದೊಂದು ಕೆಜಿಗೂ ಮಂಡಿ ಮೇಲೆ ಪ್ರತಿ ಹೆಜ್ಜೆಗೆ ಬೀಳೋ ಭಾರ ನಾಲ್ಕು ಕೆಜಿಯಷ್ಟು ಕಮ್ಮಿ ಆಗಿತ್ತು. ಆ ಲೆಕ್ಕ ಹಿಡಿದ್ರೆ 20 ಕೆಜಿ ಇಳಿಸಿದವರ ಮಂಡಿಗೆ ಒಂದೊಂದು ಹೆಜ್ಜೆಗೂ 80 ಕೆಜಿ ಹೊರೆ ಕಮ್ಮಿ. ಬರೀ ಭಾರದ ಮಾತೂ ಅಲ್ಲ. ಕೊಬ್ಬಿನ ಅಂಗಾಂಶ ತಾನೇ ಉರಿಯೂತ ಹುಟ್ಟಿಸೋ ರಾಸಾಯನಿಕ ಬಿಡ್ತಿರುತ್ತೆ, ದಪ್ಪ ಇರೋರಿಗೆ ಕೈಬೆರಳ ಗಿಣ್ಣುಗಳಲ್ಲೂ ಸವೆತ ಜಾಸ್ತಿ ಕಾಣಿಸ್ಕೊಳ್ಳುತ್ತೆ, ಕೈ ಮೇಲೆ ಯಾರೂ ನಡೆಯಲ್ವಲ್ಲ.

ಆಪರೇಷನ್ ಆದವರನ್ನೇ ವರ್ಷಗಟ್ಟಲೆ ಹಿಂಬಾಲಿಸಿದ ಲ್ಯಾಬ್ಸ್-2 ಅನ್ನೋ ಅಮೆರಿಕನ್ ಅಧ್ಯಯನದ ಫಲಿತಾಂಶ 2016ರಲ್ಲಿ ಬಂತು. ಒಂದು ವರ್ಷಕ್ಕೆ ಶೇ. 57.6ರಷ್ಟು ಜನಕ್ಕೆ ಮೈಕೈ ನೋವು ಗಮನಕ್ಕೆ ಬರೋ ಅಷ್ಟು ಕಮ್ಮಿಯಾಗಿತ್ತು, ಮೂರನೇ ವರ್ಷಕ್ಕೆ ಅದು ಶೇ. 48.6ಕ್ಕೆ ಇಳೀತು. ಆದ್ರೆ ಮೊದಲೇ ಮಂಡಿ ಅಥವಾ ಸೊಂಟದ ಕೀಲು ತೀವ್ರ ಕೆಟ್ಟಿದ್ದವರಲ್ಲಿ ಹೆಚ್ಚೂಕಮ್ಮಿ ನಾಲ್ವರಲ್ಲಿ ಮೂವರಿಗೆ ಆ ಕೀಲಿನ ತೊಂದ್ರೆ ಇಳಿದಿತ್ತು, ಅದು ಮೂರು ವರ್ಷಕ್ಕೂ ಹೆಚ್ಚುಕಮ್ಮಿ ಹಾಗೇ ಉಳ್ಕೊಂಡಿತ್ತು. ಇದನ್ನ ಉಲ್ಟಾನೂ ಓದ್ಬೇಕು, ನಾಲ್ಕನೆಯವರು ಇದ್ದಾರೆ. ತೂಕ ಇಳಿದ್ಮೇಲೂ ಅವರಿಗೆ ನೋವು ಇದೆ, ಮಾತ್ರೆ ಬೇಕು, ಆದ್ರೆ ಹಳೇ ಮಾತ್ರೆ ಬಾಗಿಲು ಮುಚ್ಚಿದೆ. ಆಸ್ಪತ್ರೆ ಜಾಹೀರಾತಲ್ಲಿ ಆ ನಾಲ್ಕನೆಯವರ ಫೋಟೋ ಬರಲ್ಲ.

ಅದಕ್ಕೇ ಮೊದಲು ಗೊತ್ತಾಗ್ಬೇಕಾದ್ದು ನಿಮ್ಮ ನೋವು ಯಾವ ಜಾತಿದು ಅನ್ನೋದು. ವಯಸ್ಸಿನ ಜೊತೆ ಬರೋ ಸವೆತ, ಅಂದ್ರೆ ಆಸ್ಟಿಯೋಆರ್ಥ್ರೈಟಿಸ್ ಆದ್ರೆ ತೂಕ ಇಳಿಸೋದೇ ದೊಡ್ಡ ಔಷಧಿ. ರುಮಟಾಯ್ಡ್ ಅಂದ್ರೆ ನಮ್ಮಲ್ಲಿ ಆಮವಾತ ಅಂತಾರಲ್ಲ ಅದಾದ್ರೆ ದೇಹದ ರಕ್ಷಣಾ ವ್ಯವಸ್ಥೆನೇ ಕೀಲಿನ ಮೇಲೆ ಬಿದ್ದಿರುತ್ತೆ, ಬೆಳಿಗ್ಗೆ ಎದ್ದಾಗ ಒಂದು ಗಂಟೆ ಬೆರಳು ಮಡಚೋಕೆ ಆಗಲ್ಲ, ತೂಕ ಇಳಿದ್ರೆ ಅನುಕೂಲ ಆಗುತ್ತೆ ಆದ್ರೆ ಕಾಯಿಲೆ ಹೋಗಲ್ಲ, ಮೆಥೊಟ್ರೆಕ್ಸೇಟ್ ತರದ ಔಷಧಿ ನಡೀತಾನೇ ಇರ್ಬೇಕು. ಯೂರಿಕ್ ಆಸಿಡ್ ಏರಿ ಬರೋ ಗೌಟ್ ಮೂರನೇದು, ಅದರ ಚೇಷ್ಟೆ ಬೇರೆ, ಆಮೇಲೆ ಹೇಳ್ತೀನಿ. ಎಷ್ಟೋ ಜನ ಹತ್ತು ವರ್ಷ "ಮಂಡಿ ನೋವು" ಅಂತಲೇ ಮಾತ್ರೆ ನುಂಗಿರ್ತಾರೆ, ಒಂದು ರಕ್ತ ಪರೀಕ್ಷೆ ಮಾಡಿಸಿರಲ್ಲ.

ಆಮೇಲೆ ಆಪರೇಷನ್ ಆಯ್ಕೆ. ಸ್ಲೀವ್ ಅಂದ್ರೆ ಹೊಟ್ಟೆಯ ಬಹುಭಾಗ ಕತ್ತರಿಸಿ ತೆಗೆದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ ಉಳಿಸೋದು, ಕರುಳಿಗೆ ಹೊಸ ಜೋಡಣೆ ಇಲ್ಲ, ಹಾಗಾಗಿ ಆ ಹೊಲಿಗೆ ಹುಣ್ಣಿನ ಭಯ ಇಲ್ಲ. ಬೆನ್ನುಮೂಳೆ ಬಿಗಿದುಕೊಳ್ಳೋ ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ತರದ ಕಾಯಿಲೆ ಇದ್ದು ಪೇನ್ ಕಿಲ್ಲರ್ ಬಿಟ್ಟು ಇರೋಕೇ ಆಗದವರಿಗೆ ಸರ್ಜನ್ನುಗಳು ಸ್ಲೀವ್ ಕಡೆ ವಾಲೋದು ಇದಕ್ಕೇ. ಸ್ಲೀವ್ ಆದವರಿಗೆ ಗ್ಯಾಸ್ ಮಾತ್ರೆ ಕವಚ ಇಟ್ಟು ಸ್ವಲ್ಪ ದಿನದ ಮಟ್ಟಿಗೆ ಪೇನ್ ಕಿಲ್ಲರ್ ಕೊಡೋ ಡಾಕ್ಟ್ರಿದ್ದಾರೆ, ಬೇಡವೇ ಬೇಡ ಅನ್ನೋರೂ ಇದ್ದಾರೆ. ಸ್ಲೀವ್‌ದೂ ಒಂದು ಕಿರಿಕಿರಿ ಇದೆ, ಎದೆ ಉರಿ, ಹುಳಿತೇಗು ಕೆಲವರಿಗೆ ಜಾಸ್ತಿ ಆಗುತ್ತೆ, ಮೊದಲೇ ಎದೆ ಉರಿ ಜೋರಾಗಿದ್ದವರಿಗೆ, ಶುಗರ್ ತುಂಬಾ ಕೆಟ್ಟವರಿಗೆ ಬೈಪಾಸೇ ಚೆನ್ನಾಗಿ ಕೂಡಿಬರಬಹುದು. ಮಿನಿ ಬೈಪಾಸ್ ಅಂತ ನಮ್ಮ ದೇಶದಲ್ಲಿ ತುಂಬಾ ನಡೆಯೋದು ಕೂಡ ಈ ವಿಷಯದಲ್ಲಿ ಬೈಪಾಸೇ, ಹೆಸರಲ್ಲಿ ಮಿನಿ ಇದೆ ಅಂತ ಹುಣ್ಣು ಮಿನಿ ಆಗಲ್ಲ. ಹಾಗಾಗಿ ಸರ್ಜನ್ ಮುಂದೆ ಕೂತಾಗ ಮನೇಲಿರೋ ಮಾತ್ರೆ ಡಬ್ಬಿನೇ ಎತ್ಕೊಂಡು ಹೋಗಿ ಟೇಬಲ್ ಮೇಲಿಡೋದು ಒಳ್ಳೇದು, ಅಂಗಡಿಯಿಂದ ತಾವೇ ತಂದಿದ್ದು, ನೆಂಟರು ಕೊಟ್ಟಿದ್ದು, ಊರ ಪಂಡಿತರು ಕೊಟ್ಟ ಪುಡಿ ಸಮೇತ. ಆ ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರೋದು ಹೊಸ ಸುದ್ದಿ ಏನಲ್ಲ, ತಿಂದ ಎರಡೇ ದಿನಕ್ಕೆ ನೋವು ಮಾಯ ಆದ್ರೆ ಖುಷಿ ಪಡೋದಕ್ಕಿಂತ ಅನುಮಾನ ಪಡೋದು ಮೇಲು, ಮುಖ ಊದಿ ತೂಕ ಏರೋದೂ ಅದರಿಂದಲೇ ಇರಬಹುದು.

ಆಪರೇಷನ್ನಿಗೆ ಮುಂಚಿನ ತಿಂಗಳುಗಳನ್ನ ಜನ ಸುಮ್ನೆ ಕಾಯೋ ಟೈಮ್ ಅಂದ್ಕೊಳ್ತಾರೆ. ನನಗೆ ಕಾಣೋ ಹಾಗೆ ಅದು ರಿಹರ್ಸಲ್ ಟೈಮು. ಎನ್‌ಎಸ್‌ಎಐಡಿ ಇಲ್ಲದೆ ನೋವು ಎಷ್ಟರ ಮಟ್ಟಿಗೆ ಹಿಡಿತಕ್ಕೆ ಬರುತ್ತೆ ಅಂತ ಆವಾಗ್ಲೇ ನೋಡ್ಕೊಂಡ್ರೆ ಮುಂದೆ ಪೇಚಾಡೋದು ತಪ್ಪುತ್ತೆ. ಪ್ಯಾರಾಸಿಟಮಾಲ್ ಒಂದಿದೆ, ಡೋಲೋ 650 ದಿನಕ್ಕೆ ನಾಲ್ಕು ಅಂದ್ರೆ 2.6 ಗ್ರಾಂ ಆಯ್ತು, ಲಿವರ್‌ನಲ್ಲಿ ಕೊಬ್ಬಿರೋರು ಎಷ್ಟು ತಗೋಬೇಕು ಅಂತ ಡಾಕ್ಟ್ರನ್ನೇ ಕೇಳ್ಬೇಕು, ನೆಗಡಿ ಮಾತ್ರೆಯಲ್ಲೂ ಅದೇ ಇರುತ್ತೆ ಅನ್ನೋದು ನೆನಪಿರ್ಲಿ. ನಿಜ ಹೇಳ್ಬೇಕಂದ್ರೆ ಮಂಡಿ ಸವೆತಕ್ಕೆ ಪ್ಯಾರಾಸಿಟಮಾಲ್ ಕೆಲಸ ಮಾಡೋದು ಅಷ್ಟಕ್ಕಷ್ಟೇ. ಅದಕ್ಕಿಂತ ಡೈಕ್ಲೋಫೆನಾಕ್ ಜೆಲ್ ವಾಸಿ, ಚರ್ಮದ ಮೇಲೆ ಹಚ್ಚೋದ್ರಿಂದ ರಕ್ತಕ್ಕೆ ಸೇರೋದು ಮಾತ್ರೆಗೆ ಹೋಲಿಸಿದ್ರೆ ತೀರಾ ಕಮ್ಮಿ, ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿಯವರ 2019ರ ಮಾರ್ಗಸೂಚಿ ಮಂಡಿ ಸವೆತಕ್ಕೆ ಇದನ್ನ ಬಲವಾಗೇ ಶಿಫಾರಸು ಮಾಡುತ್ತೆ. ಬೈಪಾಸ್ ಆದವರು ಅದನ್ನೂ ಸರ್ಜನ್ ಕೇಳಿಯೇ ಹಚ್ಬೇಕು, ಮೈಯೆಲ್ಲ ಬಳ್ಕೊಳ್ಳೋದಲ್ಲ. ಅದೇ ಮಾರ್ಗಸೂಚಿ ಕೀಲಿಗೆ ಅಂತ ಮಾರೋ ಗ್ಲುಕೋಸಮೈನ್ ಮಾತ್ರೆ ಬೇಡ ಅಂತ ಅಷ್ಟೇ ಬಲವಾಗಿ ಹೇಳುತ್ತೆ, ನಮ್ಮದೇ ರಕ್ತದಿಂದ ತಯಾರಿಸಿ ಮಂಡಿಗೆ ಹಾಕೋ ಪಿಆರ್‌ಪಿ ಇಂಜೆಕ್ಷನ್ನಿಗೂ ಅದೇ ಮಾತು. ನಮ್ಮಲ್ಲಿ ಈ ಎರಡಕ್ಕೂ ಜನ ಸುರಿಯೋ ದುಡ್ಡು ನೋಡಿದ್ರೆ ಬೇಜಾರಾಗುತ್ತೆ.

ಮಂಡಿಯೊಳಗೆ ಹಾಕೋ ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ನೋವು ತಗ್ಗಿಸುತ್ತೆ, ಆದ್ರೆ ಶುಗರ್ ಇದ್ದವರಿಗೆ ಹಾಕಿಸ್ಕೊಂಡ ಮೇಲೆ ಕೆಲವು ದಿನ ಶುಗರ್ ನೆಗೆಯುತ್ತೆ, ಆಪರೇಷನ್ ದಿನ ಹತ್ರ ಇದ್ರೆ ಅದನ್ನ ಲೆಕ್ಕ ಹಾಕ್ಬೇಕು. ಇದೆಲ್ಲದಕ್ಕಿಂತ ಅಗ್ಗದ್ದು ಒಂದು ಊರುಗೋಲು. ನಾಚಿಕೆ ಪಟ್ಕೊಂಡು ಯಾರೂ ಹಿಡಿಯಲ್ಲ, ಹಿಡಿದೋರು ನೋವಿರೋ ಕಾಲಿನ ಕಡೆ ಕೈಯಲ್ಲೇ ಹಿಡೀತಾರೆ. ಅದು ತಪ್ಪು, ಬಲ ಮಂಡಿ ನೋಯ್ತಿದ್ರೆ ಕೋಲು ಎಡಗೈಯಲ್ಲಿರಬೇಕು, ಬಲಗಾಲು ಮುಂದಿಡುವಾಗ ಕೋಲೂ ಜೊತೆಗೆ ಮುಂದೆ ಹೋಗ್ಬೇಕು, ಆವಾಗ ಭಾರ ಹಂಚಿಹೋಗುತ್ತೆ. ಮನೇಲಿ ಇಂಡಿಯನ್ ಟಾಯ್ಲೆಟ್ ಮಾತ್ರ ಇದ್ರೆ ಆಪರೇಷನ್ನಿಗೆ ಮುಂಚೆನೇ ಕಮೋಡ್ ಕುರ್ಚಿ ತಂದಿಟ್ಕೊಳ್ಳೋದು, ಪೂಜೆಗೆ ಮಣೆ ಬದ್ಲು ಸ್ಟೂಲು, ಊಟಕ್ಕೆ ಪಂಕ್ತಿ ಬದ್ಲು ಟೇಬಲ್ಲು. ಮತ್ತೆ ತೊಡೆ ಸ್ನಾಯು. ಮಲಗಿದ್ದಲ್ಲೇ ಕಾಲು ನೇರ ಎತ್ತಿ ಹಿಡಿಯೋದು, ಮಂಡಿ ಕೆಳಗೆ ಟವೆಲ್ ಸುತ್ತಿಟ್ಟು ಒತ್ತೋದು, ಕುರ್ಚಿಯಿಂದ ಕೈ ಊರದೆ ಏಳೋದು, ಇವನ್ನ ಫಿಸಿಯೋ ಹತ್ರ ಒಂದ್ಸಲ ಸರಿಯಾಗಿ ಕಲಿತ್ಕೊಂಡ್ರೆ ಮನೇಲೇ ಮಾಡ್ಬೋದು. ವಾಕಿಂಗ್ ಆಗದವರಿಗೆ ನಿಂತ ಸೈಕಲ್ಲು ಅಥವಾ ಈಜುಕೊಳದಲ್ಲಿ ಎದೆಮಟ್ಟದ ನೀರಲ್ಲಿ ನಡೆಯೋದು ಆಗುತ್ತೆ.

ಆಪರೇಷನ್ ಹತ್ರ ಬಂದಾಗ ಲಿವರ್ ಸಣ್ಣ ಆಗ್ಲಿ ಅಂತ ಎರಡು ವಾರದ ಮಟ್ಟಿಗೆ ಕಮ್ಮಿ ಕ್ಯಾಲೊರಿ ಊಟ ಕೊಡೋದು ರೂಢಿ, ಪೇನ್ ಕಿಲ್ಲರ್‌ಗಳನ್ನ ಮೊದಲೇ ನಿಲ್ಲಿಸ್ತಾರೆ. ರುಮಟಾಯ್ಡ್ ಇರೋರು ಇಲ್ಲಿ ಹುಷಾರಾಗಿರ್ಬೇಕು, "ಎಲ್ಲಾ ಮಾತ್ರೆ ನಿಲ್ಲಿಸಿ" ಅಂತ ಯಾರೋ ಫೋನಲ್ಲಿ ಹೇಳಿದ್ದಕ್ಕೆ ಸ್ಟೀರಾಯ್ಡನ್ನೂ ನಿಲ್ಲಿಸಿಬಿಟ್ರೆ ಅಪಾಯ, ತುಂಬಾ ದಿನದಿಂದ ಪ್ರೆಡ್ನಿಸೋಲೋನ್ ತಗೋತಿರೋರ ದೇಹ ತಾನಾಗಿ ಸ್ಟೀರಾಯ್ಡ್ ಮಾಡೋದನ್ನೇ ಮರೆತಿರುತ್ತೆ, ದಿಢೀರ್ ನಿಲ್ಲಿಸಿದ್ರೆ ಬಿಪಿ ಕುಸಿದು ಬೀಳಬಹುದು. ಮೆಥೊಟ್ರೆಕ್ಸೇಟ್, ಹೈಡ್ರಾಕ್ಸಿಕ್ಲೋರೋಕ್ವಿನ್‌ನ ಮಂಡಿ, ಸೊಂಟದ ಕೀಲು ಬದಲಿ ಆಪರೇಷನ್‌ಗಳಲ್ಲಿ ಮುಂದುವರಿಸೋದೇ 2022ರ ಅಮೆರಿಕನ್ ಮಾರ್ಗಸೂಚಿಯ ಸಲಹೆ, ರಕ್ಷಣಾ ವ್ಯವಸ್ಥೆಯ ಆರ್ಭಟ ತಗ್ಗಿಸೋ ಬಯಾಲಜಿಕ್ ಇಂಜೆಕ್ಷನ್‌ಗಳನ್ನ ಮಾತ್ರ ಒಂದು ಡೋಸಿನ ಅವಧಿ ಮುಗಿಯೋವರೆಗೂ ಕಾದು ಆಮೇಲೆ ಆಪರೇಷನ್ ದಿನ ಹೊಂದಿಸ್ತಾರೆ. ಹೊಟ್ಟೆ ಆಪರೇಷನ್ನಿಗೂ ಇದೇ ಅಂತ ಕಣ್ಣುಮುಚ್ಚಿ ಒಪ್ಪಿಸೋಕಾಗಲ್ಲ, ರುಮಟಾಲಜಿಸ್ಟು ಮತ್ತೆ ಸರ್ಜನ್ನು ಒಬ್ಬರಿಗೊಬ್ಬರು ಮಾತಾಡ್ಬೇಕು, ನಮ್ಮಲ್ಲಿ ಅದು ಆಗೋದು ಪೇಷಂಟೇ ಓಡಾಡಿ ಇಬ್ಬರ ಚೀಟಿ ಇಬ್ಬರಿಗೂ ತೋರಿಸಿದ್ರೆ.

ಆದ್ಮೇಲಿನ ಮೊದಲ ವಾರಗಳಲ್ಲಿ ಮಾತ್ರೆ ನುಂಗೋದೇ ಒಂದು ಕೆಲಸ. ಸಿರಪ್ಪು ಅಥವಾ ಪುಡಿ ಮಾಡಿ ತಗೋಬೇಕಾಗುತ್ತೆ. ಇಲ್ಲಿ ಒಂದು ಎಚ್ಚರಿಕೆ, ಸ್ಟ್ರಿಪ್ ಮೇಲೆ ಎಸ್‌ಆರ್, ಇಆರ್, ಸಿಆರ್ ಅಂತ ಇದ್ರೆ ಅದು ನಿಧಾನವಾಗಿ ಕರಗೋ ಮಾತ್ರೆ, ಪುಡಿ ಮಾಡಿದ್ರೆ ಇಡೀ ದಿನದ ಡೋಸು ಒಂದೇ ಸಲಕ್ಕೆ ಒಳಗೆ ಹೋಗುತ್ತೆ. ಪುಡಿ ಮಾಡದೆ ನುಂಗಿದ್ರೂ ಬೈಪಾಸ್ ಆದ ಚಿಕ್ಕ ದಾರಿಯಲ್ಲಿ ಅದು ಸರಿಯಾಗಿ ಕರಗೋಕೆ ಟೈಮೇ ಸಿಗದೆ ಹೋಗಬಹುದು. ಡುಲೊಕ್ಸೆಟಿನ್ ತರ ನೋವಿಗೂ ಕೊಡೋ ಮಾತ್ರೆಗಳು ಬೈಪಾಸ್ ನಂತರ ಮೊದಲಿನಷ್ಟು ಹೀರಲ್ಪಡದೆ ಇರಬಹುದು, ಡೋಸ್ ಮತ್ತೆ ನೋಡ್ಬೇಕಾಗುತ್ತೆ. ಟ್ರಮಡಾಲ್ ಅನ್ನೋ ಜೋರಾದ ನೋವಿನ ಮಾತ್ರೆ ಕೊಟ್ರೆ ಮಲಬದ್ಧತೆ, ವಾಕರಿಕೆ, ತಲೆಸುತ್ತು, ಅಭ್ಯಾಸ ಆಗೋ ಭಯ ಬೇರೆ, ಸ್ವಲ್ಪ ದಿನಕ್ಕೆ ಸರಿ, ಅದನ್ನೇ ನಂಬ್ಕೊಂಡು ವರ್ಷ ತಳ್ಳೋಕಾಗಲ್ಲ.

ಗೌಟ್ ಚೇಷ್ಟೆ ಅಂದೆನಲ್ಲ, ಅದು ಈ ಹೊತ್ತಲ್ಲೇ. ತೂಕ ರಪರಪ ಇಳಿಯುವಾಗ, ನೀರು ಕುಡಿಯೋಕೂ ಆಗದೆ ಗುಟುಕು ಗುಟುಕು ಹೀರ್ತಿರುವಾಗ ರಕ್ತದಲ್ಲಿ ಯೂರಿಕ್ ಆಸಿಡ್ ಮೊದಲು ಏರುತ್ತೆ, ಹಳೇ ಗೌಟ್ ಇದ್ದವರ ಹೆಬ್ಬೆರಳು ಒಂದು ರಾತ್ರಿ ಕೆಂಪಾಗಿ ಹೊದಿಕೆ ತಾಗಿದ್ರೂ ಕಿರುಚೋ ಹಾಗಾಗುತ್ತೆ, ಅಂಥ ಹೊತ್ತಲ್ಲಿ ಮನೆಯವರು ಓಡೋದು ಪೇನ್ ಕಿಲ್ಲರ್ ತರೋಕೆ. ಗೌಟ್ ಇದ್ದೋರು ಯೂರಿಕ್ ಆಸಿಡ್ ಇಳಿಸೋ ಅಲೊಪ್ಯೂರಿನಾಲ್ ಮುಂದುವರಿಸ್ಬೇಕಾ, ನೋವು ಬಂದ್ರೆ ಕೊಲ್ಚಿಸಿನ್ನಾ ಇಲ್ಲ ಸ್ಟೀರಾಯ್ಡಾ ಅಂತ ಡಿಸ್ಚಾರ್ಜ್ ಚೀಟಿಯಲ್ಲೇ ಬರೆಸ್ಕೋಬೇಕು. ಕೊಲ್ಚಿಸಿನ್ನಿಂದ ಬೇಧಿ ಆಗುತ್ತೆ, ಆಗ್ಲೇ ನೀರು ಕಮ್ಮಿ ಇರೋ ದೇಹಕ್ಕೆ ಅದೂ ಕಷ್ಟ. ಸಮಾಧಾನ ಏನಂದ್ರೆ ತೂಕ ಒಂದು ಹದಕ್ಕೆ ಬಂದ್ಮೇಲೆ ಯೂರಿಕ್ ಆಸಿಡ್ ಇಳಿಯುತ್ತೆ, ಸ್ವೀಡನ್ನಿನ ದೊಡ್ಡ ಎಸ್‌ಒಎಸ್ ಅಧ್ಯಯನದಲ್ಲಿ ಆಪರೇಷನ್ ಆದವರಿಗೆ ಮುಂದಿನ ವರ್ಷಗಳಲ್ಲಿ ಗೌಟ್ ಬರೋದೇ ಕಮ್ಮಿ ಇತ್ತು.

ಮೂರು ತಿಂಗಳು ಕಳೆದ್ಮೇಲೆ ಹೊಸ ತರದ ನೋವುಗಳು ಶುರುವಾದ್ರೆ ಎಲ್ಲವನ್ನೂ ಸಂಧಿವಾತದ ಲೆಕ್ಕಕ್ಕೆ ಹಾಕ್ಬೇಡಿ. ಕೊಬ್ಬಿನ ಜೊತೆ ಸ್ನಾಯುನೂ ಕರಗಿರುತ್ತೆ, ತೊಡೆ ಬಲ ಹೋದ್ರೆ ತೂಕ ಕಮ್ಮಿ ಆಗಿದ್ರೂ ಮಂಡಿ ಅಲುಗಾಡ್ತಿರೋ ಹಾಗೆ ಅನ್ಸುತ್ತೆ, ಮೆಟ್ಟಿಲು ಇಳಿಯುವಾಗ ಭಯ ಆಗುತ್ತೆ. ದಿನಕ್ಕೆ 60ರಿಂದ 80 ಗ್ರಾಂ ಪ್ರೊಟೀನ್ ಅಂತ ಡಯಟೀಷಿಯನ್ ಹೇಳಿದ್ದನ್ನ ನಮ್ಮ ಅನ್ನ ಸಾರಿನ ತಟ್ಟೆಯಲ್ಲಿ ಹುಡುಕಿದ್ರೆ ಸಿಗಲ್ಲ. ಒಂದು ಮೊಟ್ಟೆಗೆ 6 ಗ್ರಾಂ, 100 ಗ್ರಾಂ ಪನೀರ್‌ಗೆ 18ರ ಆಸುಪಾಸು. ಹುರುಳಿ, ಹೆಸರುಕಾಳಲ್ಲಿ 100 ಗ್ರಾಂ ಒಣಕಾಳಿಗೆ 22ರಿಂದ 24 ಗ್ರಾಂ ಇದೆ ನಿಜ, ಆದ್ರೆ ಅಷ್ಟು ಕಾಳು ಬೇಯಿಸಿದ್ರೆ ಆಗೋ ರಾಶಿ ಆ ಪುಟ್ಟ ಹೊಟ್ಟೆಗೆ ಹಿಡಿಯಲ್ಲ. ಶುದ್ಧ ಸಸ್ಯಾಹಾರಿಗಳು ಪ್ರೊಟೀನ್ ಪೌಡರ್ ಮೊರೆ ಹೋಗೋದು ಅನಿವಾರ್ಯ ಆಗ್ಬಿಡುತ್ತೆ, ಅದರಲ್ಲಿ ಮುಜುಗರ ಪಡೋಕೇನಿಲ್ಲ.

ಇನ್ನೊಂದು, ಮೂಳೆ. ಆಪರೇಷನ್ ನಂತರ ಮೂಳೆಯ ಸಾಂದ್ರತೆ ಇಳಿಯೋದು ಗೊತ್ತಿರೋ ವಿಷಯ, ವಿಟಮಿನ್ ಡಿ ನಮ್ಮ ಜನಕ್ಕೆ ಮೊದಲೇ ಕಮ್ಮಿ. ಮೈಯೆಲ್ಲ ಮೂಳೆ ನೋವು, ಏಳೋಕೆ ಕಷ್ಟ ಅಂದ್ರೆ ಅದು ಡಿ ಕೊರತೆಯ ನೋವಿರಬಹುದು. ಅಮೆರಿಕನ್ ಬೇರಿಯಾಟ್ರಿಕ್ ಸರ್ಜನ್ನುಗಳ ಸಂಘ ಎಎಸ್‌ಎಂಬಿಎಸ್ ಸ್ಲೀವ್, ಬೈಪಾಸ್ ಆದವರಿಗೆ ದಿನಕ್ಕೆ 1200ರಿಂದ 1500 ಮಿಗ್ರಾಂ ಕ್ಯಾಲ್ಸಿಯಂ, 3000 ಐಯು ವಿಟಮಿನ್ ಡಿ ಹೇಳುತ್ತೆ. ಆಸಿಡ್ ಕಮ್ಮಿಯಾದ ಹೊಟ್ಟೆಗೆ ಕಾರ್ಬೊನೇಟ್‌ಗಿಂತ ಸಿಟ್ರೇಟ್ ಒಗ್ಗುತ್ತೆ, ಅಂಗಡಿಯಲ್ಲಿ ಕ್ಯಾಲ್ಸಿಯಂ ಕೊಡಿ ಅಂದ್ರೆ ಕೊಡೋದು ಹೆಚ್ಚಾಗಿ ಕಾರ್ಬೊನೇಟೇ, ಓದಿ ತಗೊಳ್ಳಿ, ಕಬ್ಬಿಣದ ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರ ಬೇಕು. ಪಾದ ಉರಿ, ಜೋಮು, ಸೂಜಿ ಚುಚ್ಚಿದ ಹಾಗೆ ಆದ್ರೆ ಬಿ12, ವಾಂತಿ ನಿಲ್ಲದೆ ಇದ್ದು ಕಾಲು ಸೋತ್ರೆ ಬಿ1 ಕೊರತೆ, ಈ ಕೊನೇದಕ್ಕೆ ಕಾಯೋ ಹಾಗಿಲ್ಲ, ಅವತ್ತೇ ಆಸ್ಪತ್ರೆಗೆ ಹೋಗ್ಬೇಕು.

ಮಂಡಿ ಪೂರ್ತಿ ಸವೆದು ಮೂಳೆಗೆ ಮೂಳೆ ತಾಗ್ತಿರೋರಿಗೆ ತೂಕ ಇಳಿದ ಮಾತ್ರಕ್ಕೆ ಮೃದ್ವಸ್ಥಿ ಮತ್ತೆ ಬೆಳೆಯಲ್ಲ. ಅವರ ಪ್ರಶ್ನೆ ಮೊದಲು ಹೊಟ್ಟೆನಾ ಮೊದಲು ಮಂಡಿನಾ ಅಂತ. ಆಸ್ಟ್ರೇಲಿಯಾದಲ್ಲಿ ಬಿಎಂಐ 35 ದಾಟಿದ 82 ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅರ್ಧ ಜನಕ್ಕೆ ಮೊದಲು ಹೊಟ್ಟೆಗೆ ಬ್ಯಾಂಡ್ ಹಾಕೋ ಆಪರೇಷನ್, ಆಮೇಲೆ ಮಂಡಿ, ಇನ್ನರ್ಧಕ್ಕೆ ನೇರ ಮಂಡಿ. ಮೊದಲ ಗುಂಪಲ್ಲಿ ತೊಡಕು ಆಗಿದ್ದು ಶೇ. 14.6 ಜನಕ್ಕೆ, ಎರಡನೇದರಲ್ಲಿ ಶೇ. 36.6. ಅದಕ್ಕಿಂತ ಮಜಾ ಅಂದ್ರೆ ಮೊದಲ ಗುಂಪಿನ ಶೇ. 29.3 ಜನ ನೋವು ಕಮ್ಮಿಯಾಯ್ತು, ಮಂಡಿ ಆಪರೇಷನ್ ಈಗ ಬೇಡ ಅಂದ್ರು. ಹಾಗಂತ ಇದನ್ನೇ ಕಾನೂನು ಮಾಡ್ಕೊಂಡು "ತೂಕ ಇಳಿಸಿ ಬನ್ನಿ, ಆಮೇಲೆ ಮಂಡಿ ನೋಡೋಣ" ಅಂತ ವರ್ಷಗಟ್ಟಲೆ ವಾಪಸ್ ಕಳ್ಸೋದೂ ಸರಿಯಲ್ಲ, ಬೇರೆ ಚಿಕಿತ್ಸೆ ಎಲ್ಲಾ ಸೋತವರಿಗೆ ಬರೀ ಬಿಎಂಐ ಗೆರೆ ಎಳೆದು ಕೀಲು ಬದಲಿ ಮುಂದೂಡ್ಬೇಡಿ ಅಂತ 2023ರ ಅಮೆರಿಕನ್ ಮಾರ್ಗಸೂಚಿ ಹೇಳಿದೆ. ಎರಡೂ ಮಾತು ಒಟ್ಟಿಗೆ ನಿಜ ಆಗಿರೋಕೆ ಸಾಧ್ಯ. 45ರ ವಯಸ್ಸಲ್ಲಿ ಬಿಎಂಐ 42 ಇರೋರಿಗೆ ಹೊಟ್ಟೆ ಮೊದಲು ಅನ್ನೋದು ನನಗೆ ಒಪ್ಪಿಗೆ, 68ರಲ್ಲಿ ಬಿಎಂಐ 36 ಇದ್ದು ಬಚ್ಚಲಿಗೂ ಹೋಗೋಕಾಗದೆ ಕೂತಿರೋ ಅಜ್ಜಿಗೆ ಮಂಡಿನೇ ಮೊದಲು.

ದುಡ್ಡಿನ ಮಾತು ಬಂದ್ರೆ ಇಲ್ಲೊಂದು ವಿಚಿತ್ರ ಇದೆ. ದೇಶದ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ಹೆಲ್ತ್ ಇನ್ಶೂರೆನ್ಸಿಗೆ ಅಂತ ಮಾಡಿರೋ ಸ್ಟ್ಯಾಂಡರ್ಡ್ ಷರತ್ತಲ್ಲಿ ತೂಕದ ಆಪರೇಷನ್ ಕವರ್ ಆಗ್ಬೇಕಂದ್ರೆ ಬಿಎಂಐ 40 ಇರ್ಬೇಕು, ಅಥವಾ 35 ಇದ್ದು ಜೊತೆಗೆ ತೂಕದಿಂದ ಬಂದ ಹೃದಯದ ಸ್ನಾಯು ಕಾಯಿಲೆ, ಹೃದಯದ ರಕ್ತನಾಳದ ಕಾಯಿಲೆ, ನಿದ್ದೇಲಿ ಉಸಿರು ನಿಂತು ನಿಂತು ಹೋಗೋ ತೀವ್ರ ಸ್ಲೀಪ್ ಆಪ್ನಿಯಾ, ಹಿಡಿತಕ್ಕೆ ಬಾರದ ಟೈಪ್ 2 ಶುಗರ್ ಇವುಗಳಲ್ಲಿ ಒಂದಾದ್ರೂ ಇರ್ಬೇಕು. ಮಂಡಿ ಸವೆತ ಆ ಪಟ್ಟಿಯಲ್ಲೇ ಇಲ್ಲ. ಅಂದ್ರೆ ಬಿಎಂಐ 37 ಇದ್ದು ಕೋಲು ಹಿಡಿದು ನಡೆಯೋರು ಆಸ್ಪತ್ರೆಯ ಇನ್ಶೂರೆನ್ಸ್ (ಟಿಪಿಎ) ಕೌಂಟರ್ ಮುಂದೆ ನಿಂತ್ರೆ ಮಂಡಿಯ ಎಕ್ಸ್‌ರೇಗೆ ಬೆಲೆ ಇಲ್ಲ, ಗೊರಕೆಯ ಟೆಸ್ಟಿಗೆ ಬೆಲೆ ಇದೆ. ಅದಕ್ಕೇ ಎಷ್ಟೋ ಆಸ್ಪತ್ರೆಗಳಲ್ಲಿ ಮೊದಲು ಸ್ಲೀಪ್ ಸ್ಟಡಿ ಮಾಡ್ಸಿ ಅಂತಾರೆ, ಅದು ಸುಮ್ನೆ ಬಿಲ್ ಏರಿಸೋಕೆ ಅಂತ ಸಿಟ್ಟಾಗ್ಬೇಡಿ. ಏಷ್ಯಾದ ಜನಕ್ಕೆ ಬಿಎಂಐ 27.5 ದಾಟಿದ್ರೇ ಆಪರೇಷನ್ ಅವಕಾಶ ಕೊಡ್ಬೇಕು ಅಂತ ಎಎಸ್‌ಎಂಬಿಎಸ್ ಮತ್ತೆ ಅದರ ಅಂತರರಾಷ್ಟ್ರೀಯ ಜೊತೆಗಾರ ಸಂಘ ಐಎಫ್‌ಎಸ್‌ಒ 2022ರಲ್ಲೇ ಹೇಳಿವೆ, ನಮ್ಮ ಇನ್ಶೂರೆನ್ಸ್ ಲೆಕ್ಕ ಇನ್ನೂ ಹಳೇ ಕಾಲದ್ದು. ಇತ್ತ ಕೇಂದ್ರ ಸರ್ಕಾರ 2017ರ ಆಗಸ್ಟಲ್ಲಿ ಮಂಡಿ ಇಂಪ್ಲಾಂಟ್ ಬೆಲೆಗೆ ಮಿತಿ ಹಾಕಿ ಭಾರೀ ಇಳಿಸ್ತು, ಮಂಡಿ ಬದಲಾಯಿಸೋ ಸಾಮಾನು ಅಗ್ಗ ಆಯ್ತು, ಮಂಡಿ ಉಳಿಸೋಕೆ ಇರೋ ದಾರಿ ಮಾತ್ರ ಪಟ್ಟಿಯಿಂದ ಹೊರಗೇ ಉಳೀತು.

ಚಾಕುನೇ ಬೇಡ, ಇಂಜೆಕ್ಷನ್ ಸಾಕು ಅನ್ನೋ ಕಾಲನೂ ಬಂದಿದೆ. 2024ರಲ್ಲಿ ಬಂದ ಸ್ಟೆಪ್ 9 ಪ್ರಯೋಗದಲ್ಲಿ ಮಂಡಿ ಸವೆತ ಇರೋ 407 ಜನಕ್ಕೆ 68 ವಾರ ತೂಕ ಇಳಿಸೋ ಸೆಮಾಗ್ಲುಟೈಡ್ ಅಥವಾ ಔಷಧಿ ಇಲ್ಲದ ಖಾಲಿ ಇಂಜೆಕ್ಷನ್ ಕೊಟ್ಟು ನೋಡಿದ್ರು, ಔಷಧಿ ತಗೊಂಡವರ ತೂಕ ಶೇ. 13.7 ಇಳೀತು, 100ರ ಅಳತೆಯ ನೋವಿನ ಸ್ಕೋರು 41.7 ಇಳೀತು. ಖಾಲಿ ಇಂಜೆಕ್ಷನ್ನಿನವರದ್ದೂ 27.5 ಇಳೀತು ಅನ್ನೋದನ್ನ ಯಾರೂ ಎತ್ತಿ ಹೇಳಲ್ಲ, ಅಂದ್ರೆ ಔಷಧಿಯ ಸ್ವಂತ ಪಾಲು ಸುಮಾರು 14 ಅಂಕ, ಅದೂ ಕಮ್ಮಿ ಏನಲ್ಲ. ನಮ್ಮ ದೇಶದಲ್ಲಿ ಇದೇ ತರದ ಇನ್ನೊಂದು ಇಂಜೆಕ್ಷನ್ ಮೌಂಜಾರೋ 2025ರ ಮಾರ್ಚಲ್ಲಿ, ಸೆಮಾಗ್ಲುಟೈಡ್ ಇರೋ ವೆಗೋವಿ ಜೂನಲ್ಲಿ ಬಂತು, ಸೆಮಾಗ್ಲುಟೈಡ್ ಪೇಟೆಂಟ್ ಅವಧಿ ಇಲ್ಲಿ 2026ರ ಮಾರ್ಚಿಗೆ ಮುಗಿಯೋದು, ಹಾಗಾಗಿ ದೇಸಿ ಕಂಪನಿಗಳ ಅಗ್ಗದ ಇಂಜೆಕ್ಷನ್ನುಗಳ ಕಾಲ ಇದು. ಇದರ ಅನುಕೂಲ ಅಂದ್ರೆ ಹೊಟ್ಟೆಯ ಹೊಲಿಗೆ ಇಲ್ಲ, ಆ ಹುಣ್ಣಿನ ಕಾಟ ಇಲ್ಲ. ನಿಲ್ಲಿಸಿದ್ರೆ ತೂಕ ವಾಪಸ್ ಬರೋದು, ಅದರ ಹಿಂದೆ ಮಂಡಿ ನೋವೂ ಬರೋ ಸಾಧ್ಯತೆ, ಸ್ನಾಯು ಕರಗೋದು, ತಿಂಗಳ ಖರ್ಚು, ಇವು ಅದರ ಕಡೆಯ ಲೆಕ್ಕ.

ಕೊನೆಗೆ, ಆಪರೇಷನ್ ಆಗಿ ಐದಾರು ವರ್ಷ ಕಳೆದವರಿಗೆ ಒಂದು ಮಾತು. ಹೊಟ್ಟೆ ಮೇಲೆ ಇರೋದು ಲ್ಯಾಪರೋಸ್ಕೋಪಿಯ ನಾಲ್ಕೈದು ಸಣ್ಣ ಗುರುತು, ನೋಡಿದವರಿಗೆ ಏನೂ ಗೊತ್ತಾಗಲ್ಲ. ಹಲ್ಲು ಕೀಳಿಸೋಕೆ ಹೋಗ್ತೀರಿ, ಡೆಂಟಿಸ್ಟು ಐದು ದಿನಕ್ಕೆ ಪೇನ್ ಕಿಲ್ಲರ್ ಬರೀತಾರೆ. ಊರ ಜಾತ್ರೆಗೆ ಹೋದಾಗ ಕಾಲು ಉಳುಕುತ್ತೆ, ಅಲ್ಲಿನ ಕ್ಲಿನಿಕ್ಕಲ್ಲಿ ಡೈಕ್ಲೋ ಇಂಜೆಕ್ಷನ್ ರೆಡಿ ಇರುತ್ತೆ. "ನಂಗೆ ಬೈಪಾಸ್ ಆಗಿದೆ" ಅಂದ್ರೆ ಅವರು ಹಾರ್ಟ್ ಬೈಪಾಸ್ ಅಂದ್ಕೊಂಡು ಬಿಪಿ ನೋಡೋಕೆ ಶುರು ಮಾಡ್ತಾರೆ. ಅದಕ್ಕೆ ಡಿಸ್ಚಾರ್ಜ್ ಸಮ್ಮರಿಯ ಫೋಟೋ ಮೊಬೈಲಲ್ಲಿ ಇಟ್ಕೊಂಡು, ಪರ್ಸಲ್ಲಿ ಒಂದು ಚೀಟಿ: ಹೊಟ್ಟೆಗೆ ಬೈಪಾಸ್ ಆಗಿದೆ, ಇಂಥ ವರ್ಷ, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆ ಇಂಜೆಕ್ಷನ್ ಎರಡೂ ಕೊಡಬೇಡಿ, ಸರ್ಜನ್ ನಂಬರ್ ಇದು. ಕಪ್ಪಗೆ ಮಲ ಹೋದ್ರೆ, ಮೇಲ್ಹೊಟ್ಟೆಯಲ್ಲಿ ಬಿಡದೆ ನೋವು ಬಂದ್ರೆ, ಮಂಡಿ ವಿಷಯ ಬದಿಗಿಟ್ಟು ಅವತ್ತೇ ಎಂಡೋಸ್ಕೋಪಿ ಇರೋ ಆಸ್ಪತ್ರೆಗೆ ಹೋಗಿ.